ಮಂಗನ ಕಾಯಿಲೆಯೂ ನಮ್ಮ ಅಹಿಂಸೆಯ ಲೆಕ್ಕವೂ

ಕಳೆದ ಫಾಲ್ಗುಣದಲ್ಲಿ ಹೊನ್ನಾವರದ ಘಟ್ಟದಂಚಿನಿಂದ ಅಡಿಕೆ ತಂದ ಕೃಷಿಕರೊಬ್ಬರು ನಮ್ಮ ಅಂಗಡಿಯಲ್ಲಿ ಕುಳಿತು, "ಸಾವ್ಕಾರ್ರೇ, ಮಂಗಗಳನ್ನೆಲ್ಲ ಹೊಡೆದು ಹಾಕಿದರೆ ಜ್ವರವೂ ಹೋಗುತ್ತದೆ, ಬಾಳೆಯೂ ಉಳಿಯುತ್ತದೆ" ಎಂದರು. ಅಲ್ಲಿದ್ದ ನಮ್ಮ ಸಮಾಜದ ಹಿರಿಯರೊಬ್ಬರು ತಲೆದೂಗಿದರು. ಇದೇ ಹಿರಿಯರು ತಮ್ಮ ಕೊಟ್ಟಿಗೆಯ ದನಗಳಿಗೆ ಉಣುಗಿನ ಔಷಧ ಹಚ್ಚಲು ಒಪ್ಪುವುದಿಲ್ಲ, ಅದು ಜೀವಹಿಂಸೆಯಂತೆ! ಉಣುಗಿನ ಪ್ರಾಣಕ್ಕೆ ಮರುಗುವವರು ಪಂಚೇಂದ್ರಿಯ ಜೀವಿಯಾದ ಮಂಗನ ಕೊಲೆಗೆ ಅನುಮೋದನೆ ಕೊಡುವುದು ಯಾವ ಶ್ರಾವಕಾಚಾರ? ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ತಲೆದೂಗುವುದು ಮೂರನೆಯದು.

ಧರ್ಮವನ್ನು ಬದಿಗಿಟ್ಟು ನೋಡಿದರೂ ಈ ವಾದ ನಿಲ್ಲದು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಈ ರೋಗ 1980ರ ದಶಕದಲ್ಲಿ ನಮ್ಮ ಹೊನ್ನಾವರ ಸೀಮೆಯನ್ನೂ ಮುಟ್ಟಿತು. ಮಂಗ ಈ ರೋಗದ ಒಡೆಯನಲ್ಲ, ನಮ್ಮಂತೆಯೇ ಬಲಿ. ರೋಗಾಣುವನ್ನು ಹೊತ್ತು ತಿರುಗುವುದು ಉಣುಗು. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿಯುತ್ತವೆ. ಸೋಂಕಿದ ಮಂಗನನ್ನು ತೋಟದಲ್ಲಿ ಹೊಡೆದು ಕೆಡವಿದವನು ರೋಗವನ್ನು ತನ್ನ ಅಂಗಳದಲ್ಲಿಯೇ ಬಿತ್ತಿಕೊಂಡಂತಾಯಿತು.

ಇನ್ನು ದನದ ಮಾತು. ದನ ಈ ರೋಗದಿಂದ ನರಳುವುದಿಲ್ಲ. ಆದುದರಿಂದಲೇ ನಮ್ಮ ಕಣ್ಣು ಅತ್ತ ಹೋಗುವುದಿಲ್ಲ. ಮಳೆಗಾಲದಲ್ಲಿ ಬಲಿತ ಉಣುಗು ಕಾಡಿನಲ್ಲಿ ಮೇಯುವ ದನದ ರಕ್ತವನ್ನು ಹೀರಿ, ಕೆಳಗೆ ಬಿದ್ದು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮಳೆ ನಿಂತ ಮೇಲೆ ಮರಿಗಳು. ನವೆಂಬರಿನಿಂದ ಮೇ ತನಕ ಕಣ್ಣಿಗೆ ಕಾಣದಷ್ಟು ಚಿಕ್ಕ ಎಳೆಯ ಉಣುಗುಗಳು. ತರಗೆಲೆ ಗುಡಿಸಲು ಸೊಪ್ಪಿನಬೆಟ್ಟಕ್ಕೆ ಹೋದ ಹೆಂಗಸರ ಕಾಲಿಗೆ ಹತ್ತುವುದು ಇವೇ. ಕುಮಟಾ, ಭಟ್ಕಳಗಳ ಕಾಡಂಚಿನ ಮನೆಗಳಲ್ಲಿಯೂ ದನ ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಸಂಜೆ ಕೊಟ್ಟಿಗೆಗೆ ಮರಳುತ್ತದೆಯಲ್ಲವೆ? ನಡುವೆ ಅದರ ಮೈಯನ್ನು ತಡವಿ ನೋಡುವವರು ಎಷ್ಟು ಮಂದಿ?

ಕಾಡು ಕಡಿದದ್ದರ ಪಾತ್ರವನ್ನೂ ಮರೆಯಬಾರದು. 1982-83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ರೋಗ ಉಲ್ಬಣಿಸಿದ್ದು ಗೇರುತೋಟಕ್ಕಾಗಿ ಕಾಡು ಸವರಿದ ಬಳಿಕ. ಕೊಡಲಿ ಹಿಡಿದವರಾರೂ ಮಂಗಗಳಲ್ಲ.

ಇಂಗ್ಲೆಂಡಿನಲ್ಲಿಯೂ ಇಂಥದೇ ಪ್ರಸಂಗ ನಡೆಯಿತು. ದನಗಳ ಕ್ಷಯಕ್ಕೆ ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿ ಕಾರಣವೆಂದು 1998ರಿಂದ 2005ರ ವರೆಗೆ ಪರೀಕ್ಷಾರ್ಥವಾಗಿ ಸುಮಾರು 11,000 ಬ್ಯಾಡ್ಜರುಗಳನ್ನು ಕೊಂದರು. ಕೊಂದ ಪ್ರದೇಶದೊಳಗೆ ರೋಗ ಕೊಂಚ ಇಳಿಯಿತು. ಸುತ್ತಲಿನ ಪ್ರದೇಶದಲ್ಲಿ ಏರಿತು, ಏಕೆಂದರೆ ಉಳಿದ ಪ್ರಾಣಿಗಳು ಚದುರಿದವು. ಈ ಕೊಲೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲವೆಂದು 2007ರಲ್ಲಿ ಅವರ ತಜ್ಞರ ಸಮಿತಿಯೇ ಬರೆಯಿತು. ವ್ಯಾಪಾರಿಯ ಭಾಷೆಯಲ್ಲಿ, ಖರ್ಚು ಬಿದ್ದಿತು, ಜಮೆಯಾಗಲಿಲ್ಲ. ನಮ್ಮಲ್ಲಿಯೂ 2021ರ ಜುಲೈಯಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿಯ ಬಳಿ ಚೀಲಗಳಲ್ಲಿ ತುಂಬಿದ 38 ಮಂಗಗಳ ಹೆಣಗಳು ಸಿಕ್ಕಿದವು. ಉಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು.

ಕೃಷಿಕರ ನಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಮಂಗ ಹಾಳುಮಾಡಿದ ತೋಟದ ಅಡಿಕೆ ನನ್ನ ತಕ್ಕಡಿಯಲ್ಲಿಯೇ ಕಡಿಮೆ ತೂಗುತ್ತದೆ. ಆದರೆ ಬೆಳೆಯ ಸಿಟ್ಟಿಗೆ ಜ್ವರದ ನೆಪ ಬೇಡ.

ಇನ್ನು ಉಣುಗಿನ ಪ್ರಶ್ನೆ, ಇದು ಕಠಿಣ. ಗೃಹಸ್ಥನಿಗೆ ವರ್ಜ್ಯವಾದದ್ದು ಸಂಕಲ್ಪೀ ಹಿಂಸೆ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಅವನು ಸಾಧ್ಯವಾದಷ್ಟು ಕುಗ್ಗಿಸಬೇಕು. ರೋಗ ತಗಲಿದ ನೂರರಲ್ಲಿ ಮೂರರಿಂದ ಐದು ಜನ ಸಾಯುವ ಕಾಯಿಲೆಯೆದುರು ದನದ ಮೈಗೆ ಔಷಧ ಹಚ್ಚುವುದು ವಿರೋಧೀ ಹಿಂಸೆಯ ಪರಿಧಿಯೊಳಗಿನದೆಂದು ನನ್ನ ಮತ. ಕಿತ್ತ ಉಣುಗನ್ನು ಕೆಂಡಕ್ಕೆ ಹಾಕಿ ಚಟಪಟ ಸದ್ದು ಕೇಳಿ ನಗುವುದು ಮಾತ್ರ ಬೇರೆಯೇ ಲೆಕ್ಕ. ನಮ್ಮ ಮೈಗೆ ಹಚ್ಚುವ ಡೀಪಾ ತೈಲವಂತೂ ಉಣುಗನ್ನು ದೂರವಿಡುವಂಥದು. ಅದನ್ನೂ ಬೇಡವೆನ್ನಲು ಯಾವ ಶಾಸ್ತ್ರದ ಆಧಾರವೂ ಇಲ್ಲ. ಹಳೆಯ ಲಸಿಕೆಯನ್ನು ಸಾಕಷ್ಟು ಫಲಕಾರಿಯಲ್ಲವೆಂದು 2022ರಲ್ಲಿ ನಿಲ್ಲಿಸಿದ ಮೇಲೆ ಈ ಎಚ್ಚರಕ್ಕೆ ಇನ್ನಷ್ಟು ಬೆಲೆ ಬಂದಿದೆ.

ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ನಮ್ಮವರು ಬಸ್ಸು ಮಾಡಿಕೊಂಡು ಹೋಗುವುದು ಹೆಚ್ಚಾಗಿ ಚಳಿಗಾಲದಲ್ಲಿ, ಸುತ್ತ ಕಾಡಿರುವ ಸ್ಥಳಕ್ಕೆ, ಬರಿಗಾಲಲ್ಲಿ. ಮುಂದಿನ ಯಾತ್ರೆಯ ಖರ್ಚಿನ ಪಟ್ಟಿಯಲ್ಲಿ ಹೂವು, ಹಣ್ಣು, ಊಟದ ಜೊತೆಗೆ ತೈಲದ ನಾಲ್ಕು ಬಾಟಲಿಗಳನ್ನೂ ಬರೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.