ಆಕಾಶದಿಂದ ಮೋಡದ ಲೆಕ್ಕ

ತಣಿಸಂದ್ರದಲ್ಲಿ ಒಂದು ಕಾಲಕ್ಕೆ ರಾಗಿ ತೆನೆ ತೂಗುತ್ತಿದ್ದ ಹೊಲಗಳಲ್ಲಿ ಇಂದು ಬಹುಮಹಡಿ ಕಟ್ಟಡಗಳು ಎದ್ದಿವೆ. ವಿಮಾನದಿಂದ ಇಣುಕಿದರೆ ಹಳೆಯ ಊರಿನ ಗುರುತೇ ಹತ್ತದು. ಆದರೆ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನಲ್ಲಿ ನೋಡಬಲ್ಲವರಿದ್ದರೆ, ಅವರಿಗೆ ಅಂದಿನ ಹೊಲವೂ ಇಂದಿನ ಡಾಂಬರು ರಸ್ತೆಯೂ ಹೆಚ್ಚುಕಡಿಮೆ ಒಂದೇ ತೆರನಾಗಿ ಕಪ್ಪಗೆ ಕಂಡಾವು. ತಾರಸಿಗೆ ಬಳಿದ ಬಿಳಿ ಪೇಂಟು ಕೂಡ ಕಪ್ಪೇ! ಅದಕ್ಕೆ ಬೆರೆಸುವ ಟೈಟಾನಿಯಂ ಡೈ ಆಕ್ಸೈಡ್ ಈ ಕಿರಣಗಳನ್ನು ಹೀರಿಬಿಡುತ್ತದೆ.

ರೈತರಿಗೂ ಈ ಸಂಗತಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಮೋಡದ್ದು. ನೆಲ ಮತ್ತು ಸಮುದ್ರಗಳು ತಮ್ಮ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 2 ರಿಂದ 6 ಪಾಲನ್ನು ಮಾತ್ರ ಹಿಂದಿರುಗಿಸುತ್ತವೆ. ಮೋಡವಾದರೋ ತನ್ನ ದಪ್ಪಕ್ಕೆ ತಕ್ಕಂತೆ 10 ರಿಂದ 90 ಪಾಲಿನವರೆಗೆ ಹಿಂದಿರುಗಿಸುತ್ತದೆ. ಹೀಗಾಗಿ ಹಿಮ ಮುಚ್ಚಿದ ಪ್ರದೇಶಗಳನ್ನು ಬಿಟ್ಟರೆ, ಮೇಲಿನಿಂದ ಹೊಳೆದು ಕಾಣುವುದೆಲ್ಲ ಬಹುಪಾಲು ಮೋಡ, ಉಳಿದದ್ದು ಮಬ್ಬು. ಹೊಲ ಹಸಿರಾಯಿತೇ, ಕೆರೆ ಬತ್ತಿತೇ, ಊರು ಬೆಳೆಯಿತೇ ಎಂಬ ಗೊಂದಲ ಈ ಲೆಕ್ಕಕ್ಕೆ ಅಷ್ಟಾಗಿ ಅಂಟುವುದಿಲ್ಲ.

ಅಮೆರಿಕದ ನಿಂಬಸ್-7 ಉಪಗ್ರಹ 1978ರ ಅಕ್ಟೋಬರಿನಲ್ಲಿ ಓಜೋನ್ ಅಳೆಯುವ ಉಪಕರಣವನ್ನೂ ಹೊತ್ತು ಮೇಲೇರಿತು. ಓಜೋನ್ ಅಷ್ಟಾಗಿ ಹೀರದ 340 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನೂ ಅದು ಜೊತೆಯಲ್ಲೇ ಅಳೆಯಿತು. (ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಮೀಟರ್.) ಮುಂದೆ ನೋವಾ ಸರಣಿಯ ಉಪಗ್ರಹಗಳು ಅದೇ ಬಗೆಯ ಉಪಕರಣ ಹೊತ್ತು ಕೆಲಸ ಮುಂದುವರಿಸಿದವು. 1979 ರಿಂದ 2011 ರವರೆಗೆ 33 ವರ್ಷಗಳ ದಾಖಲೆ ಹೀಗೆ ಕೂಡಿಬಂತು.

ಕೂಡಿಬಂತು ಎಂದು ಬರೆಯುವುದು ಸುಲಭ. ಎಂಟು ಉಪಕರಣಗಳು ಎಂದರೆ ಎಂಟು ತಕ್ಕಡಿಗಳು. ಬಾಹ್ಯಾಕಾಶದಲ್ಲಿ ಗಾಜೂ ಕನ್ನಡಿಯೂ ಮುಪ್ಪಾಗುತ್ತವೆ. ಅದಕ್ಕಾಗಿ ವಿಜ್ಞಾನಿಗಳು ವರ್ಷದಿಂದ ವರ್ಷಕ್ಕೆ ಬಹುಮಟ್ಟಿಗೆ ಬದಲಾಗದ ಅಂಟಾರ್ಕ್ಟಿಕದ ಹಿಮವನ್ನೇ ತೂಕದ ಕಲ್ಲಾಗಿ ಇಟ್ಟುಕೊಂಡು ತಕ್ಕಡಿಗಳನ್ನು ಸರಿದೂಗಿಸಿದರು. ಇನ್ನೊಂದು ತೊಡಕು ಹೊತ್ತಿನದು. ಕೆಲವು ನೋವಾ ಉಪಗ್ರಹಗಳ ಕಕ್ಷೆ ಜಾರಿ, ಮಧ್ಯಾಹ್ನ ಹಾಯುತ್ತಿದ್ದವು ವರ್ಷ ಕಳೆದಂತೆ ಸಂಜೆಯತ್ತ ಸರಿದವು. ಬೆಳಿಗ್ಗೆ ತಿಳಿಯಾಗಿದ್ದ ಬಾನು ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದನ್ನು ಬಲ್ಲ ನಮ್ಮ ಬಯಲುಸೀಮೆಯವರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ. ನೋಡಿದ ಹೊತ್ತು ಬದಲಾದದ್ದನ್ನು ಮೋಡವೇ ಬದಲಾಯಿತೆಂದು ಬರೆದುಕೊಂಡರೆ ಇಡೀ ದಾಖಲೆ ಕೆಟ್ಟಂತೆ. ರಾಕೆಟ್ ಹಾರಿಸಿದ್ದಕ್ಕಿಂತ ಈ ತಿದ್ದುಪಡಿಯ ಕೆಲಸವೇ ದೊಡ್ಡದೆಂದು ನಮ್ಮ ಅಭಿಪ್ರಾಯ.

ಜೇ ಹರ್ಮನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಈ ಅವಧಿಯಲ್ಲಿ ಭೂಮಿ ಹಿಂದಿರುಗಿಸುವ ಬೆಳಕು ಒಟ್ಟಿನಲ್ಲಿ ತುಸು ಇಳಿದಿದೆ. ಎಲ್ಲೆಡೆಯೂ ಇಳಿದಿಲ್ಲ, ಕೆಲವು ಕಡೆ ಏರಿದೆ. 1982ರ ಎಲ್ ಚಿಚೋನ್, 1991ರ ಪಿನಟುಬೊ ಜ್ವಾಲಾಮುಖಿಗಳು ಬಾನಿಗೆ ಹರಡಿದ ಮಬ್ಬನ್ನು ಬೇರೆ ಮಾಡಿಯೇ ಈ ಮಾತು ಹೇಳಲಾಗಿದೆ. ಹಿಂದಿರುಗುವುದು ಕಡಿಮೆಯಾದಷ್ಟೂ ಇಲ್ಲಿ ಉಳಿಯುವ ಬಿಸಿಲಿನ ಕಾವು ಹೆಚ್ಚು. 2000 ದಿಂದೀಚೆಗೆ ಬೇರೆ ಉಪಗ್ರಹಗಳು ಬೇರೆ ವಿಧಾನದಿಂದ ಮಾಡಿದ ಅಳತೆಯಲ್ಲೂ ಭೂಮಿಯ ಹೊಳಪು ಇಳಿದಿರುವುದು ಕಂಡಿದೆ.

ಇದರಿಂದ ನಾಳೆ ದೇವನಹಳ್ಳಿಗೆ ಮಳೆ ಬರುವುದೇ ಎಂದು ಕೇಳಿದರೆ ಉತ್ತರ ಸಿಗದು. ಆ ಉಪಕರಣದ ಒಂದು ನೋಟವೇ ಸುಮಾರು 170 ಕಿಲೋಮೀಟರ್ ಅಗಲ. ಬೆಂಗಳೂರಿನಿಂದ ಮೈಸೂರಿನವರೆಗೆ ಒಂದೇ ಚುಕ್ಕೆ. ಮೋಡ ಹೇಗೆ ಬೆಳೆಯುತ್ತದೆ, ಏಕೆ ಕರಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ತಣಿಸಂದ್ರಕ್ಕೆ ಹತ್ತಿರದಲ್ಲೇ ಇರುವ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರೊದ್ದಂ ನರಸಿಂಹ ಮತ್ತು ಸಂಗಡಿಗರು ನೀರಿನ ತೊಟ್ಟಿಯಲ್ಲಿ ಮೋಡದ ಚಲನೆಯನ್ನೇ ಅನುಕರಿಸಿ ತೋರಿಸಿದರು. ಆ ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ಊರಿನ ಮಳೆ ತಿಳಿಯಲು ಊರಿನ ಮಾಪಕವೇ ಬೇಕು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿ, ಯಲಹಂಕದಿಂದ ಕೆಲಸ ಮಾಡುವ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ನಿಲ್ಲಿಸಿದೆ. ಹವಾಮಾನ ಆಧಾರಿತ ಬೆಳೆ ವಿಮೆಯ ಹಣ ಇಂಥ ಮಾಪಕ ಹೇಳಿದ ಅಂಕಿಯ ಮೇಲೆ ನಿಂತಿದೆ. ಮಾಪಕದ ಪಕ್ಕ ಒಂದು ಹೊಂಗೆ ಗಿಡ ಬೆಳೆದು ಮರೆಯಾದರೂ ಸಾಕು, ಬಿದ್ದ ಮಳೆ ಲೆಕ್ಕಕ್ಕೆ ಬಾರದೆ ಹೋದೀತು. ಮರವಾಗಲಿ ಗೋಡೆಯಾಗಲಿ ತನ್ನ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು. ಮುಂಗಾರಿಗೆ ಮುಂಚೆ ರೈತರು ತಮ್ಮ ಪಂಚಾಯಿತಿಯ ಮಾಪಕವನ್ನು ಒಮ್ಮೆ ನೋಡಿ ಬಂದು, ಅಡ್ಡಿಯಿದ್ದರೆ ಕೇಂದ್ರಕ್ಕೆ ಬರೆದು ತಿಳಿಸುವುದು ಒಳ್ಳೆಯದು.