ಲೇಸು ಯಾರಿಗೆ ಲೇಸು?

ರಾಜ್ಯೋತ್ಸವದ ಮಾರಾಟ ಮೇಳದ ಜಮಾಖರ್ಚನ್ನು ನಮ್ಮ ಸಂಘದ ಸೂಚನಾ ಫಲಕಕ್ಕೆ ಅಂಟಿಸಿದ್ದಾರೆ. ಸದಸ್ಯ ಬಾಂಧವರು ಒಮ್ಮೆ ನಿಂತು ಓದಬೇಕು. ಶಾಮಿಯಾನದವನಿಗೆ ಇಷ್ಟು, ಧ್ವನಿವರ್ಧಕಕ್ಕೆ ಇಷ್ಟು, ಬೆಂಗಳೂರಿನಿಂದ ಬಂದ ವಾದ್ಯಗೋಷ್ಠಿಯವರಿಗೆ ಇಷ್ಟು, ಅವರ ಪ್ರಯಾಣ ಭತ್ಯೆ ಬೇರೆ, ಅಡಿಗೆಯವರಿಗೆ, ಹೂವಿನವನಿಗೆ, ಕೊನೆಗೆ ಕುರ್ಚಿ ಹೊತ್ತು ಹಾಕಿದ ಹುಡುಗರಿಗೂ ಇಷ್ಟೆಂದು ಒಂದೊಂದಕ್ಕೂ ರಶೀದಿ ಇದೆ. ಬಹಳ ಅಚ್ಚುಕಟ್ಟಾದ ಲೆಕ್ಕ, ಖಜಾಂಚಿಗಳನ್ನು ಮೆಚ್ಚಲೇಬೇಕು. ಆದರೆ ಜಮೆಯ ಕಡೆಯಲ್ಲಿ ‘ಲೇಸು ಮತ್ತು ಕೈಹೆಣಿಗೆ ವಸ್ತುಗಳ ಮಾರಾಟ’ ಎಂಬ ಬಾಬಿನಲ್ಲಿ ಬಂದ ಹಣವೆಲ್ಲ ಕಟ್ಟಡ ನಿಧಿಗೆ ಸೇರಿದೆ. ಅದಕ್ಕೆ ಎದುರಾಗಿ ಖರ್ಚಿನ ಕಡೆಯಲ್ಲಿ ಒಂದು ಉಂಡೆ ನೂಲಿನ ಬೆಲೆಯೂ ಇಲ್ಲ. ಈ ಪಟ್ಟಿಯನ್ನು ನಂಬುವುದಾದರೆ ಅಂದು ಮಾರಾಟವಾದ ಲೇಸು ಆಕಾಶದಿಂದ ಉದುರಿದ್ದು.

ವಿಚಾರಿಸಿದರೆ ಪದಾಧಿಕಾರಿಗಳೊಬ್ಬರು ನಗುನಗುತ್ತಲೇ ಹೇಳಿದರು: “ನಿಮಗೇನ್ರೀ ವೈನಿ, ಮನ್ಯಾಗ ಕೂತು ಬಿಡುವಿನ್ಯಾಗ ಹೆಣೀತೀರಿ. ಅದಕ್ಕೆಲ್ಲಾ ಲೆಕ್ಕಾ ಬರೀಲಿಕ್ಕೆ ಆಗ್ತದೇನು?” ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ತಕರಾರು ಅವರ ಮೇಲಲ್ಲ, ‘ಬಿಡುವು’ ಎಂಬ ಆ ಒಂದು ಮಾತಿನ ಮೇಲೆ.

ಹೆಂಗಸಿನ ಬಿಡುವು ಎಂದರೆ ಏನು? ಮಕ್ಕಳ ಡಬ್ಬಿ ಕಟ್ಟಿ, ಗಂಡನನ್ನು ಕಚೇರಿಗೆ ಕಳಿಸಿ, ಅತ್ತೆಯವರ ಔಷಧಿ ಕೊಟ್ಟು, ನಲ್ಲಿ ನೀರು ಬರುವುದರೊಳಗೆ ಸಿಕ್ಕುವ ಹತ್ತು ನಿಮಿಷ. ಕುಕ್ಕರು ಒಂದು ಸೀಟಿ ಹಾಕಿ ಎರಡನೆಯದನ್ನು ಹಾಕುವವರೆಗಿನ ನಾಲ್ಕು ನಿಮಿಷ. ಕಚೇರಿಗೆ ಹೋಗುವವಳಾದರೆ ಬಸ್ಸಿನಲ್ಲೋ ಮೆಟ್ರೋದಲ್ಲೋ ಕಿಟಕಿಯ ಪಕ್ಕ ಜಾಗ ಸಿಕ್ಕಿದ ದಿನದ ಅರ್ಧ ಗಂಟೆ. ಇಂಥ ಚೂರುಗಳನ್ನು ಒಂದಕ್ಕೊಂದು ಸೇರಿಸಿ ಹೆಣೆದದ್ದು ಲೇಸು. ಕ್ರೋಶಾದ ಗುಣವೇ ಅದಕ್ಕೆ ಅನುಕೂಲವಾಗಿದೆ. ಎರಡು ಕಡ್ಡಿಗಳ ಉಣ್ಣೆ ಹೆಣಿಗೆಯಲ್ಲಿ ನೂರಾರು ಕುಣಿಕೆಗಳು ಒಟ್ಟಿಗೆ ಕಡ್ಡಿಯ ಮೇಲಿರುತ್ತವೆ, ಜಾರಿದರೆ ಇಡೀ ಸಾಲು ಹೋಯಿತು. ಕ್ರೋಶಾದಲ್ಲಿ ಕಡ್ಡಿಯ ಕೊಕ್ಕೆಗೆ ಸಿಕ್ಕಿಕೊಂಡಿರುವುದು ಒಂದೇ ಒಂದು ಕುಣಿಕೆ. ಅದನ್ನು ಸ್ವಲ್ಪ ಉದ್ದಕ್ಕೆ ಎಳೆದು ಬಿಟ್ಟರೆ ಸಾಕು, ಎದ್ದು ಹೋಗಿ ಹಾಲು ಇಳಿಸಿ ಬರಬಹುದು. ಹೀಗೆ ಎಲ್ಲಿ ಬೇಕಾದರೂ ನಿಲ್ಲಿಸಿ, ಎಲ್ಲಿಂದ ಬೇಕಾದರೂ ಮುಂದುವರಿಸಬಹುದಾದ ಕೆಲಸ ಇದು. ಇದೇ ಅದರ ಹೆಚ್ಚುಗಾರಿಕೆ, ಇದೇ ಅದಕ್ಕೆ ಮುಳುವೂ ಆಯಿತು. ಎದ್ದು ಎದ್ದು ಮಾಡುವ ಕೆಲಸ ನೋಡುವವರ ಕಣ್ಣಿಗೆ ಕೆಲಸದಂತೆ ಕಾಣುವುದಿಲ್ಲ.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ನಾವಿರುವ ಈ ಹೈದರಾಬಾದಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವಾಗ ನರಸಾಪುರ. ಗೋದಾವರಿಯ ದಡದ ಆ ಊರಿನಲ್ಲೂ ಸುತ್ತಣ ಹಳ್ಳಿಗಳಲ್ಲೂ ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳ ಮನೆಯವರು ಕಲಿಸಿಕೊಟ್ಟ ಕ್ರೋಶಾ ಲೇಸು ಇಂದಿಗೂ ಮನೆ ಮನೆಯಲ್ಲಿ ನಡೆಯುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1970ರ ದಶಕದ ಕೊನೆಯಲ್ಲಿ ಅಲ್ಲಿಗೆ ಬಂದು ಈ ಹೆಂಗಸರ ನಡುವೆ ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಆಕೆ ಕಂಡದ್ದು ಇಷ್ಟು: ಮನೆಗೆಲಸವೆಲ್ಲ ಮುಗಿಸಿ, ಅದರ ಮೇಲೆ ದಿನಕ್ಕೆ ಆರರಿಂದ ಎಂಟು ಗಂಟೆ ಲೇಸು ಹೆಣೆಯುತ್ತಿದ್ದ ಹೆಂಗಸಿಗೆ ದಿನಕ್ಕೆ ಒಂದು ರೂಪಾಯಿಯೂ ದಕ್ಕುತ್ತಿರಲಿಲ್ಲ. ಹೊಲದಲ್ಲಿ ಕೂಲಿಗೆ ಹೋಗುವವಳಿಗೆ ಅದಕ್ಕಿಂತ ಹೆಚ್ಚು ಸಿಕ್ಕುತ್ತಿತ್ತು. ಆದರೆ ಹೊಲಕ್ಕೆ ಹೋಗುವುದು ಮರ್ಯಾದೆಗೆ ಕಡಿಮೆ, ಮನೆಯೊಳಗೆ ಕುಳಿತು ಹೆಣೆಯುವುದು ಗೌರವ! ಒಬ್ಬಳು ಹೂವು ಮಾತ್ರ ಹೆಣೆಯುತ್ತಾಳೆ, ಇನ್ನೊಬ್ಬಳು ಹೂವುಗಳನ್ನು ಜೋಡಿಸುತ್ತಾಳೆ. ಪೂರ್ತಿಯಾದ ಮೇಜುಹಾಸು ಹೇಗೆ ಕಾಣುತ್ತದೆ, ಯಾವ ದೇಶಕ್ಕೆ ಹೋಗುತ್ತದೆ, ಎಷ್ಟಕ್ಕೆ ಮಾರುತ್ತದೆ ಎಂಬುದು ಇಬ್ಬರಿಗೂ ಗೊತ್ತಿಲ್ಲ. ರಫ್ತು ವ್ಯಾಪಾರಿಗಳ ಮನೆಗಳು ಮಾತ್ರ ಮಹಡಿಯ ಮೇಲೆ ಮಹಡಿ ಏರಿದವು. ಈ ಹೆಂಗಸರನ್ನು ಕೆಲಸಗಾರರೆಂದು ಯಾರೂ ಕರೆಯಲಿಲ್ಲ, ‘ಮನೆಯಲ್ಲಿ ಕೂತವರು ಬಿಡುವಿನಲ್ಲಿ ಮಾಡುತ್ತಾರೆ’ ಎಂದರು. ಬಿಡುವು ಎಂಬ ಮಾತು ಅಲ್ಲಿಯೂ ಇತ್ತು, ನೋಡಿ. ಕೂಲಿ ಕಡಿಮೆ ಮಾಡುವುದಕ್ಕೆ ಅದಕ್ಕಿಂತ ಮೃದುವಾದ ಆಯುಧ ಇನ್ನೊಂದಿಲ್ಲ.

ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಧಾರವಾಡದ ಕಡೆಯ ನಮ್ಮ ಕಸೂತಿಗೂ ಅಂಥದೇ ಗುರುತು ಹಿಂದೆಯೇ ಬಂದಿತ್ತು. ಸಂತೋಷವೇ. ಆದರೆ ಆ ಗುರುತು ಕಾಯುವುದು ಸರಕಿನ ಹೆಸರನ್ನು, ಹೆಣೆದವಳ ಕೂಲಿಯನ್ನಲ್ಲ.

ತೆಲುಗಿನವರು ಲೇಸನ್ನು ಲೇಸು ಎಂದೇ ಕರೆಯುತ್ತಾರೆ. ನಮ್ಮ ಭಾಷೆಯಲ್ಲಿ ಲೇಸು ಎಂದರೆ ಒಳಿತು. ಹಾಗೆ ನೋಡಿದರೆ ಲೇಸಿನಿಂದ ಲೇಸಾದದ್ದೂ ಉಂಟು. ನಾಗರಕೋವಿಲಿನಲ್ಲಿ ಮಾರ್ಥಾ ಮಾಲ್ಟ್ ಎಂಬ ಮಿಶನರಿ ಹೆಂಗಸು 1820ರ ಆಸುಪಾಸಿನಲ್ಲಿ ಹುಡುಗಿಯರಿಗೆ ದಿಂಬಿನ ಮೇಲೆ ದಾರ ಹೆಣೆಯುವ ಲೇಸು ಕಲಿಸಿದರು. ತಿರುವಾಂಕೂರಿನಲ್ಲಿ ಆಗ ಜೀತದಾಳುಗಳನ್ನು ಕೊಂಡು ಮಾರುತ್ತಿದ್ದ ಕಾಲ; ಅದು ಕಾನೂನಿನಿಂದ ನಿಂತದ್ದು 1855ರಲ್ಲಿ. ಅದಕ್ಕೂ ಮೊದಲೇ ಆ ಶಾಲೆಯ ಕೆಲವು ಹುಡುಗಿಯರು ಲೇಸಿನಿಂದ ಬಂದ ಹಣವನ್ನು ಕೂಡಿಟ್ಟು ಒಡೆಯನಿಗೆ ಕೊಟ್ಟು ತಮ್ಮನ್ನು ತಾವೇ ಬಿಡಿಸಿಕೊಂಡರು. ಅವರ ಕೈಗೆ ಹಣ ಬಂದದ್ದರಿಂದ ಅದು ಸಾಧ್ಯವಾಯಿತು. “ನೀವು ಬಿಡುವಿನಲ್ಲಿ ಹೆಣೆದದ್ದಲ್ಲವೆ, ಕಟ್ಟಡ ನಿಧಿಗೆ ಹಾಕಿದ್ದೇವೆ” ಎಂದಿದ್ದರೆ ಅವರ ಗತಿ ಏನಾಗುತ್ತಿತ್ತು?

ಇನ್ನು ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಮೇಳದಲ್ಲಿ ಆರು ನೂರು ರೂಪಾಯಿಗೆ ಹೋದ ಮೇಜಿನ ಉದ್ದ ಹಾಸು ಒಂದಿತ್ತು. ಅದನ್ನು ಹೆಣೆದ ಗೃಹಿಣಿ ಸಮಯವನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡಿದ್ದರು: ನಲವತ್ತೆರಡು ಗಂಟೆ. ನೂಲಿಗೆ ತಮ್ಮ ಕೈಯಿಂದ ಕೊಟ್ಟದ್ದು ಇನ್ನೂರ ನಲವತ್ತು. ಆರು ನೂರೂ ಅವರಿಗೇ ಸಿಕ್ಕಿದ್ದರೂ ಗಂಟೆಗೆ ಒಂಬತ್ತು ರೂಪಾಯಿಗಿಂತ ಕಡಿಮೆಯೇ. ಅದೂ ಸಿಗದೆ, ಇನ್ನೂರ ನಲವತ್ತು ಕೈಬಿಟ್ಟು, ಸಂಘಕ್ಕೆ ಆರು ನೂರು ಕೊಟ್ಟಂತಾಯಿತು. ಆ ಹಾಸನ್ನು ಕೊಂಡವರು ಮೊದಲು ನಾನೂರಕ್ಕೆ ಕೇಳಿದ್ದರೆಂಬುದನ್ನೂ ಹೇಳಿಬಿಡುತ್ತೇನೆ. ಸಾವಿರ ರೂಪಾಯಿ ಕೊಟ್ಟ ದಾನಿಗಳ ಹೆಸರನ್ನು ಹೊಸ ಕಟ್ಟಡದ ಕಲ್ಲಿನ ಮೇಲೆ ಕೆತ್ತಿಸುವುದಾಗಿ ಸಮಿತಿ ಪ್ರಕಟಿಸಿದೆ. ನಲವತ್ತೆರಡು ಗಂಟೆ ಕೊಟ್ಟವರಿಗೆ? ‘ಮಹಿಳಾ ವಿಭಾಗದ ಸಹಕಾರಕ್ಕೆ ವಂದನೆಗಳು.’

ಮುಖ್ಯ ಅತಿಥಿಗಳಿಗೆ ಕೊಡುವ ನೆನಪಿನ ಕಾಣಿಕೆಯ ಸಂಗತಿ ಇದಕ್ಕಿಂತ ಸೊಗಸು. ಕಳೆದ ವರ್ಷ ಮೂರು ಸಮಾರಂಭಗಳಲ್ಲಿ ತಟ್ಟೆಯ ಮೇಲಿನ ಹೊದಿಕೆ, ಬಾಗಿಲ ತೋರಣ ಎಂದು ಏಳು ಲೇಸಿನ ವಸ್ತುಗಳನ್ನು ವೇದಿಕೆಯ ಮೇಲೆ ದಾನ ಮಾಡಲಾಯಿತು. ಕೊಟ್ಟವರಿಗೆ ಚಪ್ಪಾಳೆ, ಹೆಣೆದವರು ಹಿಂದಿನ ಸಾಲಿನಲ್ಲಿ ಮಕ್ಕಳನ್ನು ಸುಮ್ಮನಿರಿಸುತ್ತಿದ್ದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಕಲಿಸುವ ವಿಷಯ ಬೇರೆಯೇ ಇದೆ. ಪ್ರತಿ ಶನಿವಾರ ನಾಲ್ಕರಿಂದ ಆರರವರೆಗೆ ಸಂಘದ ಹಿಂದಿನ ಕೋಣೆಯಲ್ಲಿ ಲೇಸಿನ ತರಗತಿ ನಡೆಯುತ್ತದೆ. ಅದೇ ಕೋಣೆಯಲ್ಲಿ ಭಾನುವಾರ ಬರುವ ಯೋಗ ಶಿಕ್ಷಕರಿಗೆ ಗೌರವಧನ ಉಂಟು. ಭರತನಾಟ್ಯ ಕಲಿಸುವವರು ಶುಲ್ಕ ಪಡೆಯುತ್ತಾರೆ, ಪಡೆಯಲೇಬೇಕು. ಲೇಸು ಕಲಿಸುವ ಇಬ್ಬರು ಎರಡು ಬಸ್ಸು ಬದಲಾಯಿಸಿ ಬಂದು ಹೋಗುತ್ತಾರೆ, ‘ನಮ್ಮವರೇ ಅಲ್ಲವೆ’ ಎಂಬ ಮಾತಿನಲ್ಲಿ ಅವರ ಬಸ್ಸಿನ ಚೀಟಿಯೂ ಮುಳುಗಿಹೋಗುತ್ತದೆ. ಕಲಿಸುವುದೆಂದರೆ ತಾನು ಹೆಣೆದು ತೋರಿಸುವುದಲ್ಲ. ಹತ್ತು ಹುಡುಗಿಯರಿದ್ದರೆ ಹತ್ತು ಕೈ. ಒಬ್ಬಳು ದಾರವನ್ನು ಬಿಗಿದು ಬಿಗಿದು ಕೊಕ್ಕೆಯೇ ತೂರದಂತೆ ಮಾಡಿರುತ್ತಾಳೆ, ಇನ್ನೊಬ್ಬಳದು ಮೀನಿನ ಬಲೆಯಂತೆ ಸಡಿಲ. ಎಡಗೈಯವಳಿಗೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವಿ ತೋರಿಸಬೇಕು. ಐದನೆಯ ಸುತ್ತಿನಲ್ಲಿ ಹಾಸು ಬಟ್ಟಲಿನಂತೆ ಮೇಲೆದ್ದರೆ ಎರಡನೆಯ ಸುತ್ತಿನಲ್ಲಿ ಕಂಬಗಳ ಸಂಖ್ಯೆ ಕಡಿಮೆಯಾಗಿದೆಯೆಂದು ಹುಡುಕಿ, ಮೂರು ಸುತ್ತು ಬಿಚ್ಚಿಸಿ, ಆ ಹುಡುಗಿ ಅಳದಂತೆಯೂ ನೋಡಿಕೊಳ್ಳಬೇಕು. ಮೊಬೈಲಿನಲ್ಲಿ ನೋಡಿ ಕಲಿಯಬಹುದಲ್ಲ ಎನ್ನುವವರಿದ್ದಾರೆ. ನೋಡಿ ಕಲಿತವರನ್ನೂ ಕಂಡಿದ್ದೇನೆ. ಬಿಗಿದ ದಾರವನ್ನು ಸಡಿಲಿಸಲು ಮೊಬೈಲು ನಿಮ್ಮ ಬೆರಳನ್ನು ಹಿಡಿದುಕೊಳ್ಳುವುದಿಲ್ಲ.

ಕನ್ನಡದ ಹೆಸರಿನಲ್ಲಿ ನಡೆಯುವ ಸಂಘ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು ಮತ್ತು ಹಿಂದಿ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಕನ್ನಡ ಕಲಿಕೆಯ ತರಗತಿಗೆ ಹಾಜರಿ ಎಷ್ಟೆಂದು ಕೇಳಿ ಯಾರಿಗೂ ಮುಜುಗರ ಉಂಟುಮಾಡಲಾರೆ. ಲೇಸಿನ ತರಗತಿಯಲ್ಲಿ ಮಾತ್ರ ಎಣಿಕೆಯೆಲ್ಲ ಕನ್ನಡದಲ್ಲಿಯೇ ಎಂದು ಕಲಿಸುವವರು ಮೊದಲ ದಿನವೇ ಕಟ್ಟುನಿಟ್ಟು ಮಾಡಿದರು. ‘ಮೂರು ಸರಪಳಿ, ಒಂದು ಬಿಟ್ಟು ಮುಂದಿನದರಲ್ಲಿ ಕಂಬ.’ ಹತ್ತೊಂಬತ್ತರ ಮುಂದೆ ತಡವರಿಸುತ್ತಿದ್ದ ಹುಡುಗಿಯರು ಈಗ ನೂರ ಎಂಬತ್ತರವರೆಗೆ ಸರಪಳಿ ಎಣಿಸುತ್ತಾರೆ, ಅಜ್ಜಿಯರೊಡನೆ ಫೋನಿನಲ್ಲಿ ಅದೇ ಮಾತು ಆಡುತ್ತಾರೆ. ಮದುವೆಯಾಗಿ ಹೊಸದಾಗಿ ಈ ಊರಿಗೆ ಬಂದ ಬೀದರಿನ, ರಾಯಚೂರಿನ ಸೊಸೆಯಂದಿರು ಸಂಘದ ಮೆಟ್ಟಿಲು ಹತ್ತಿದ್ದೂ ಈ ತರಗತಿಯ ನೆಪದಿಂದಲೇ. ವಾದ್ಯಗೋಷ್ಠಿಯ ಒಂದು ಸಂಜೆಗೆ ಕೊಟ್ಟ ಹಣದಲ್ಲಿ ಈ ತರಗತಿಯನ್ನು ಹಲವು ವರ್ಷ ನಡೆಸಬಹುದಿತ್ತು.

ನನ್ನ ಮಾತಿಗೆ ಬಂದ ಆಕ್ಷೇಪಣೆಗಳಲ್ಲಿ ಒಂದನ್ನು ಮಾತ್ರ ನಾನು ಗೌರವದಿಂದ ಎದುರಿಸಬೇಕಾಗಿದೆ, ಏಕೆಂದರೆ ಅದು ಬಂದದ್ದು ನಮ್ಮ ವಿಭಾಗದ ಹಿರಿಯರಾದ ಕಾಕುಗಳಿಂದಲೇ: ಸೇವೆಗೆ ಬೆಲೆ ಕಟ್ಟಬಾರದು, ಹಣ ಬಂದರೆ ಜಗಳವೂ ಬರುತ್ತದೆ. ಗಣೇಶನ ಹಬ್ಬಕ್ಕೆ ಇನ್ನೂರು ಜನರ ಅಡಿಗೆಗೆ ಸೌಟು ಹಿಡಿದು ನಿಂತವರ ಮಾತು ಇದು, ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಕಾಕು, ದಾನವೆಂದರೆ ನನ್ನದನ್ನು ನಾನು ಕೊಡುವುದಲ್ಲವೆ? ಮೊದಲು ಅದು ನನ್ನದೆಂದು ಲೆಕ್ಕಕ್ಕೆ ಬರಲಿ. ನನ್ನ ಕೈಗೆ ಆರು ನೂರು ಬಂದ ಮೇಲೆ ಅದರಲ್ಲಿ ಐನೂರನ್ನು ಕಟ್ಟಡಕ್ಕೆ ಕೊಟ್ಟೇನು, ಮಗಳ ಶುಲ್ಕಕ್ಕೆ ಇಟ್ಟುಕೊಂಡೇನು. ಅದನ್ನು ಬೇರೆಯವರು ನನ್ನ ಪರವಾಗಿ ಕೊಟ್ಟುಬಿಟ್ಟರೆ ಅದು ನನ್ನ ಸೇವೆಯೂ ಅಲ್ಲ, ಅವರ ದಾನವೂ ಅಲ್ಲ. ಜಗಳದ ಮಾತಿಗೆ ಉತ್ತರ ಮುಂಬಯಿಯಲ್ಲಿದೆ. 1959ರಲ್ಲಿ ಗಿರಗಾಂವಿನ ಮಾಳಿಗೆಯ ಮೇಲೆ ಏಳು ಜನ ಗುಜರಾತಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸತೊಡಗಿದರು. ಲಿಜ್ಜತ್ ಹಪ್ಪಳವನ್ನು ತಿನ್ನದವರು ನಮ್ಮಲ್ಲಿ ಯಾರಿದ್ದಾರೆ? ಒಬ್ಬರನ್ನೊಬ್ಬರು ‘ಬೆಹೆನ್’ ಎಂದೇ ಕರೆದುಕೊಳ್ಳುತ್ತಾರೆ, ಲಟ್ಟಿಸಿದಷ್ಟಕ್ಕೆ ಕೂಲಿಯನ್ನೂ ಎಣಿಸಿಕೊಳ್ಳುತ್ತಾರೆ, ಸಂಸ್ಥೆಯ ಲಾಭದಲ್ಲಿ ಪಾಲನ್ನೂ ಪಡೆಯುತ್ತಾರೆ. ಕೂಲಿ ಕೊಟ್ಟದ್ದರಿಂದ ಅಕ್ಕತಂಗಿತನ ಕೆಡಲಿಲ್ಲ.

ಅಂಗಡಿಯಲ್ಲಿ ಮೀಟರಿಗೆ ಇಷ್ಟೆಂದು ಯಂತ್ರದ ಲೇಸು ಸಿಗುವಾಗ ಇದೆಲ್ಲ ಯಾಕೆ, ಟಿ.ವಿ.ಗೆ ಹೊದಿಸುವ ಕಾಲ ಹೋಯಿತಲ್ಲ ಎಂದು ಕೇಳುವವರೂ ಇದ್ದಾರೆ. ನಿಜ, ಈಗಿನ ಟಿ.ವಿ.ಗೆ ಹೊದಿಸೋಣವೆಂದರೆ ಅದಕ್ಕೆ ತಲೆಯೇ ಇಲ್ಲ! ಆದರೆ ಇವರದೇ ಮನೆಯ ಹೆಣ್ಣುಮಕ್ಕಳು ರೇಷ್ಮೆ ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕಿಸಲು ಎಷ್ಟು ಕೊಡುತ್ತಾರೆಂದು ಮನೆಗೆ ಹೋಗಿ ವಿಚಾರಿಸಲಿ. ಆ ಹಣದಲ್ಲಿ ಅಂಗಡಿಯವನಿಗೆಷ್ಟು, ಎಲ್ಲೋ ಒಂದು ಕೋಣೆಯ ಮನೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಹೆಣೆದವಳಿಗೆಷ್ಟು ಎಂದೂ ಕೇಳಲಿ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ನೂಲಿನ ಹಣವನ್ನು ಸಂಘ ಮುಂಗಡವಾಗಿ ಕೊಡಲಿ. ಮೇಳದಲ್ಲಿ ಪ್ರತಿ ವಸ್ತುವಿನ ಮೇಲೆ ಹೆಣೆದವರ ಹೆಸರು, ಹಿಡಿದ ಗಂಟೆ, ಬೆಲೆ, ಈ ಮೂರನ್ನೂ ಬರೆದ ಚೀಟಿ ಇರಲಿ. ಚೌಕಾಸಿ ಮಾಡುವವರು ಗಂಟೆಯನ್ನು ಓದಿ ಆಮೇಲೆ ಮಾಡಲಿ. ಮಾರಾಟದ ಹಣ ಹೆಣೆದವರಿಗೆ ಸೇರಲಿ, ಹತ್ತರಲ್ಲಿ ಒಂದು ಪಾಲನ್ನು ಸಂಘ ಇಟ್ಟುಕೊಳ್ಳಲಿ. ಯೋಗಕ್ಕೆ ಕೊಡುವಷ್ಟೇ ಗೌರವಧನವನ್ನು ಲೇಸು ಕಲಿಸುವವರಿಗೂ ಕೊಡಲಿ. ಅತಿಥಿಗಳಿಗೆ ಕಾಣಿಕೆ ಬೇಕಾದರೆ ಸಮಿತಿ ಉಳಿದ ಗಿರಾಕಿಗಳಂತೆ ದುಡ್ಡು ಕೊಟ್ಟು ಕೊಳ್ಳಲಿ. ಮತ್ತು ಶನಿವಾರ ನಾಲ್ಕರಿಂದ ಆರರವರೆಗೆ ಚಿಕ್ಕ ಮಕ್ಕಳನ್ನು ಅಪ್ಪಂದಿರು ನೋಡಿಕೊಳ್ಳಲಿ. ಇದಕ್ಕೆ ಸಮಿತಿಯ ನಿರ್ಣಯ ಬೇಕಾಗಿಲ್ಲ.

ಈ ವಿಷಯವನ್ನು ಮುಂದಿನ ಸರ್ವಸಾಧಾರಣ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಹನ್ನೊಂದು ಸದಸ್ಯೆಯರ ಸಹಿಯಿರುವ ಪತ್ರವನ್ನು ಕಾರ್ಯದರ್ಶಿಗಳಿಗೆ ತಲುಪಿಸಿದ್ದೇವೆ. ಸಹಿ ಹಾಕಬಯಸುವ ಉಳಿದವರು, ಗಂಡಸರೂ ಸೇರಿದಂತೆ, ಶನಿವಾರ ನಾಲ್ಕು ಗಂಟೆಗೆ ಹಿಂದಿನ ಕೋಣೆಗೆ ಬರಬಹುದು. ಕಡ್ಡಿ, ನೂಲು ತರಬೇಕಾಗಿಲ್ಲ, ಪೆನ್ನು ತಂದರೆ ಸಾಕು.