ಕೆಳಹಂತದ ಅಂಕಣ ಯಾರಿಗೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಲಾ ಕಬಡ್ಡಿ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ: ರಾಜ್ಯಮಟ್ಟದಲ್ಲಿ ಆಡಿ ಪಳಗಿದ ಬಾಲಕ ಮತ್ತೆ ಹೋಬಳಿ ಮಟ್ಟದ ಕಣಕ್ಕಿಳಿಯುವುದು ನ್ಯಾಯವೇ?

14 ವರ್ಷ, 17 ವರ್ಷ ಎಂಬ ಮಿತಿಗಳು ಅಳೆಯುವುದು ವಯಸ್ಸನ್ನು, ಅನುಭವವನ್ನಲ್ಲ. ಕೇಂದ್ರ ಕ್ರೀಡಾ ಸಚಿವಾಲಯದ 2010ರ ಸಂಹಿತೆಯೂ ತಡೆಯಹೊರಟಿದ್ದು ವಯಸ್ಸಿನ ವಂಚನೆಯನ್ನಷ್ಟೇ. ಇಲ್ಲಿ ವಂಚನೆಯೇನೂ ಇಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗಗಳ ಮೆಟ್ಟಿಲೇರದೆ ಶಾಲಾ ತಂಡ ರಾಜ್ಯಮಟ್ಟ ತಲುಪದು. ಆ ಬಾಲಕನನ್ನು ಹೊರಗಿಟ್ಟರೆ ಅವನ ಹಾದಿಯೇ ಮುಚ್ಚುತ್ತದೆ.

ಆದರೆ ಎದುರಾಳಿ ತಂಡದ ಪಾಡೇನು? ನಾಕೌಟ್ ಪದ್ಧತಿಯಲ್ಲಿ ಮೊದಲ ಸುತ್ತಿನಲ್ಲೇ ಸೋತ ಹಳ್ಳಿಶಾಲೆಯ ಮಕ್ಕಳಿಗೆ ಆ ಕೂಟದಲ್ಲಿ ದಕ್ಕುವುದು ಒಂದೇ ಪಂದ್ಯ. ಅದರಿಂದ ಅವರು ಕಲಿಯುವುದು ಆಟವನ್ನಲ್ಲ, ಹಿಂಜರಿಕೆಯನ್ನು. ಪಳಗಿದವನ ತಂಡದಲ್ಲೂ ಒಬ್ಬ ಹೊಸಬ ಬೆಂಚಿನಲ್ಲೇ ಉಳಿಯುತ್ತಾನೆ.

19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಒಬ್ಬ ಆಟಗಾರನಿಗೆ ಒಂದೇ ಅವಕಾಶವೆಂದು ಭಾರತೀಯ ಕ್ರಿಕೆಟ್ ಮಂಡಳಿ 2016ರಲ್ಲಿ ನಿರ್ಧರಿಸಿತು. ವಯಸ್ಸು ಉಳಿದಿದ್ದರೂ ಅನುಭವಿ ಹೊಸಬರಿಗೆ ಜಾಗ ಬಿಡಬೇಕೆಂಬುದು ಅದರ ತಿರುಳು. ಶಾಲಾ ಕ್ರೀಡೆಗೂ ಈ ವಿವೇಕ ಒಪ್ಪುತ್ತದೆ. ರಾಜ್ಯಮಟ್ಟದಲ್ಲಿ ಆಡಿದವರನ್ನು ನೇರವಾಗಿ ಜಿಲ್ಲಾ ಆಯ್ಕೆಗೆ ಕರೆಯಲಿ. ಹೋಬಳಿ ಪಂದ್ಯಗಳು ಲೀಗ್ ಮಾದರಿಯಲ್ಲಿ ನಡೆಯಲಿ. ಪ್ರತಿಭೆಗೆ ಶಿಕ್ಷೆಯಾಗಬಾರದು, ನಿಜ. ಆದರೆ ಕೆಳಹಂತದ ಕೂಟಗಳಿರುವುದು ಟ್ರೋಫಿ ಹಂಚುವುದಕ್ಕಲ್ಲ, ಹೊಸ ಕಾಲುಗಳಿಗೆ ಅಂಕಣದ ಪರಿಚಯ ಮಾಡಿಸುವುದಕ್ಕೆ.